ನ್ಯೂಯಾರ್ಕಿಗೆ ಹೋದ ಉಪ್ಪಿಟ್ಟು

ಉಪ್ಪಿಟ್ಟು ಅಂದರೆ ನಮ್ಮಲ್ಲಿ ಮೂಗು ಮುರಿಯುವವರೇ ಹೆಚ್ಚು. 'ಕಾಂಕ್ರೀಟ್' ಎಂಬ ಅಡ್ಡಹೆಸರು ಬೇರೆ! ಆದರೆ ಇದೇ ಉಪ್ಪಿಟ್ಟು 2011ರಲ್ಲಿ ಅಮೆರಿಕದ ಟಿವಿಯ ಒಂದು ದೊಡ್ಡ ಅಡುಗೆ ಸ್ಪರ್ಧೆಯ ಅಂತಿಮ ಸುತ್ತಿಗೆ ಹೋಗಿತ್ತು ಎಂದರೆ ನಂಬುತ್ತೀರಾ? ಸ್ಪರ್ಧೆಯ ಹೆಸರು 'ಟಾಪ್ ಶೆಫ್ ಮಾಸ್ಟರ್ಸ್'. ಅಲ್ಲಿ ಸ್ಪರ್ಧಿಸುವವರು ಹೊಸಬರಲ್ಲ, ಆಗಲೇ ಹೆಸರು ಮಾಡಿದ ಬಾಣಸಿಗರು. ಅವರ ನಡುವೆ ಒಬ್ಬರು ರವೆ ಹುರಿದು, ಅಣಬೆ ಹಾಕಿ, ತೆಂಗಿನ ಹಾಲು ಬೆರೆಸಿ ಉಪ್ಪಿಟ್ಟು ಮಾಡಿ ತೀರ್ಪುಗಾರರ ಮುಂದಿಟ್ಟರು. ಗೆದ್ದರು. ಬಂದ ಬಹುಮಾನದ ಹಣವನ್ನು ಕ್ಯಾನ್ಸರ್ ಸಂಶೋಧನೆಗೆ ಕೊಟ್ಟುಬಿಟ್ಟರು.

ಅವರ ಹೆಸರು ಫ್ಲಾಯ್ಡ್ ಕಾರ್ಡೋಜ್. 1960ರಲ್ಲಿ ಮುಂಬಯಿಯಲ್ಲಿ ಹುಟ್ಟಿದವರು, ಮೂಲ ಗೋವಾದ ಕ್ರೈಸ್ತ ಕುಟುಂಬ. ಓದಿದ್ದು ಜೀವರಸಾಯನ ಶಾಸ್ತ್ರ. ಆ ದಾರಿ ಬಿಟ್ಟು ಮುಂಬಯಿಯ ಹೋಟೆಲ್ ಶಿಕ್ಷಣ ಸಂಸ್ಥೆಗೆ ಸೇರಿದರು, ಅಲ್ಲಿಂದ ಸ್ವಿಟ್ಜರ್ಲೆಂಡಿಗೆ ಹೋದರು, 1980ರ ದಶಕ ಮುಗಿಯುವ ಹೊತ್ತಿಗೆ ನ್ಯೂಯಾರ್ಕ್ ತಲುಪಿದರು. ವಿಜ್ಞಾನ ಓದಿದ ಮಗ ಅಡುಗೆಮನೆ ಸೇರುತ್ತೇನೆ ಎಂದರೆ ಯಾವ ಮನೆಯಲ್ಲಿ ಸಂತೋಷಪಟ್ಟಾರು ಹೇಳಿ! ಇವರ ಕಥೆಯನ್ನು ಇಲ್ಲಿ ಬರೆಯಲು ಒಂದು ಕಾರಣವಿದೆ. ಗೋವಾದ ನಮ್ಮ ಕನ್ನಡ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಅನೇಕರ ಅಪ್ಪ ಅಮ್ಮ ಹೋಟೆಲುಗಳಲ್ಲಿ ದುಡಿಯುವವರು. ಒಬ್ಬರು ಪಾತ್ರೆ ತೊಳೆಯುತ್ತಾರೆ, ಇನ್ನೊಬ್ಬರು ಈರುಳ್ಳಿ ಹೆಚ್ಚುತ್ತಾರೆ, ಮತ್ತೊಬ್ಬರು ತಂದೂರಿ ಒಲೆ ಮುಂದೆ ನಿಲ್ಲುತ್ತಾರೆ. ಅರ್ಜಿಯಲ್ಲಿ ತಂದೆಯ ಉದ್ಯೋಗ ಬರೆಯುವ ಜಾಗಕ್ಕೆ ಬಂದಾಗ ಆ ಮಕ್ಕಳ ಪೆನ್ನು ನಿಂತುಬಿಡುತ್ತದೆ. ಕೂಲಿ ಎಂದು ಬರೆಯಲು ಅಳುಕದ ಹುಡುಗ ಅಡುಗೆಯವ ಎಂದು ಬರೆಯಲು ಅಳುಕುತ್ತಾನೆ.

ಇರಲಿ, ಗೋವಾದ ಅಡುಗೆಮನೆಗೆ ಬರೋಣ. ಈ ಅಡುಗೆಮನೆಯೇ ಒಂದು ಇತಿಹಾಸ ಪುಸ್ತಕ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಬಿಜಾಪುರದ ಆದಿಲಶಾಹಿಯಿಂದ ಗೋವಾವನ್ನು ಕಿತ್ತುಕೊಂಡ. ಅವನಿಗೆ ನೆರವಾದವನು ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ. (ಅಂದರೆ ಈ ಕಥೆಯ ಮೊದಲ ಪುಟದಲ್ಲೇ ಕೆಳಗಿನ ಕರಾವಳಿಯವರ ಕೈವಾಡ ಇದೆ.) ಮುಂದೆ ಅವರ ಹಡಗುಗಳಲ್ಲಿ ಏನೇನು ಬಂತು ನೋಡಿ. ಅಮೆರಿಕ ಖಂಡದಿಂದ ಮೆಣಸಿನಕಾಯಿ ಬಂತು, ಬ್ರೆಜಿಲ್‌ನಿಂದ ಗೋಡಂಬಿ ಬಂತು, ಅನಾನಸ್ ಬಂತು. ಬಟಾಟೆ, ಅನಾನಸ್, ಚಾವಿ ಎಂದು ನಾವು ದಿನಾ ಆಡುವ ಮಾತುಗಳೂ ಅವರ ಬಾಯಿಂದ ಬಂದವೇ. ಮೆಣಸಿನಕಾಯಿಗೆ ನಮ್ಮವರು ಹೊಸ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ. ಅದೂ ಕಾಳುಮೆಣಸಿನ ಹಾಗೆ ಖಾರ, ಆದರೆ ಕಾಯಿ... ಹೀಗೆ ಮೆಣಸಿನಕಾಯಿ ಆಯಿತು! ವಿಜಯಪುರ ಬಾಗಲಕೋಟೆ ಕಡೆಯವರು 'ನಮ್ಮ ಜವಾರಿ ಊಟ' ಎಂದು ಎದೆ ತಟ್ಟಿಕೊಳ್ಳುವ ರೊಟ್ಟಿಯ ಪಕ್ಕದ ರಂಜಕ, ಶೇಂಗಾ ಚಟ್ನಿ ಇವೆಯಲ್ಲ, ಆ ಮೆಣಸಿನಕಾಯಿ ಮತ್ತು ಶೇಂಗಾ ಎರಡರ ತವರೂ ಸಮುದ್ರದಾಚೆಯ ಅಮೆರಿಕ ಖಂಡವೇ.

ವಿಂದಾಲು ಎಂಬ ಪದಾರ್ಥದ ಕಥೆ ಇನ್ನೂ ಸ್ವಾರಸ್ಯ. ತಿಂಗಳುಗಟ್ಟಲೆ ಸಮುದ್ರದಲ್ಲಿ ಇರುವ ನಾವಿಕರು ಮಾಂಸ ಕೆಡದಂತೆ ದ್ರಾಕ್ಷಾರಸದ ಹುಳಿ ಮತ್ತು ಬೆಳ್ಳುಳ್ಳಿಯಲ್ಲಿ ನೆನೆಸಿಡುತ್ತಿದ್ದರು. ಪೋರ್ಚುಗೀಸಿನಲ್ಲಿ ಅದು 'ವಿಞಾ ದಾಲ್ಯುಶ್'. ಗೋವಾದಲ್ಲಿ ದ್ರಾಕ್ಷಿ ಎಲ್ಲಿಂದ ತರಬೇಕು? ಇಲ್ಲಿನ ಅಡುಗೆಯವರು ತೆಂಗಿನ ಶೇಂದಿಯನ್ನು ಹುಳಿ ಮಾಡಿ ಅದರಲ್ಲಿ ನೆನೆಸಿದರು, ಮೆಣಸಿನಕಾಯಿ, ಜೀರಿಗೆ, ದಾಲ್ಚಿನ್ನಿ ಅರೆದು ಹಾಕಿದರು. ಹೆಸರು ಸವೆದು ವಿಂದಾಲು ಆಯಿತು. ಇಂಗ್ಲೆಂಡಿನ ಹೋಟೆಲುಗಳಿಗೆ ಹೋದಾಗ 'ಆಲೂ ಇರಬೇಕಲ್ಲ' ಎಂದು ಕೆಲವರು ಬಟಾಟೆ ಸೇರಿಸಿಬಿಟ್ಟರು! ಆ 'ಆಲು' ಬಟಾಟೆಯಲ್ಲ, ಬೆಳ್ಳುಳ್ಳಿ. ಪಾವ್ ಕೂಡ ಹಾಗೆಯೇ. ಹಿಟ್ಟು ಉಬ್ಬಿಸಲು ಯೀಸ್ಟ್ ಸಿಗದಿದ್ದಾಗ ಶೇಂದಿಯೇ ಕೈಹಿಡಿಯಿತು. ಸೈಕಲ್ಲಿನ ಮೇಲೆ ಬುಟ್ಟಿ ಇಟ್ಟು, ಪೊಂಪೊಂ ಎಂದು ಹಾರ್ನ್ ಒತ್ತುತ್ತಾ ಬೆಳಿಗ್ಗೆ ಮನೆಮನೆಗೆ ಬರುವ ಪೊದೇರನನ್ನು ಗೋವಾದಲ್ಲಿ ಇದ್ದವರೆಲ್ಲ ಬಲ್ಲರು. ಈಗ ಎಷ್ಟೋ ಕಡೆ ಆ ಸೈಕಲ್ ತುಳಿಯುವ ಹುಡುಗ ಕನ್ನಡ ಮಾತನಾಡುತ್ತಾನೆ.

ಹಡಗುಗಳು ರುಚಿಯನ್ನು ಮಾತ್ರ ತರಲಿಲ್ಲ, ರೋಗವನ್ನೂ ತಂದವು. ಗಾರ್ಸಿಯ ದ ಓರ್ಟ ಎಂಬ ವೈದ್ಯ 1534ರಲ್ಲಿ ಗೋವಾಕ್ಕೆ ಬಂದವನು. 1563ರಲ್ಲಿ ಇಲ್ಲಿಯೇ ಅಚ್ಚಾದ ಅವನ ಪುಸ್ತಕದಲ್ಲಿ ಇಂಗು, ಶುಂಠಿ, ಏಲಕ್ಕಿ, ತೆಂಗು, ಮಾವುಗಳ ವಿವರವಿದೆ, ಅದೇ ಪುಸ್ತಕದಲ್ಲಿ ಕಾಲರಾದ ವಿವರವೂ ಇದೆ. ಮುಂದೆ ಸಾಂಕ್ರಾಮಿಕ ರೋಗಗಳಿಗೆ ಸಿಕ್ಕಿ ಆ ವೈಭವದ ನಗರವೇ ಬರಿದಾಯಿತು. ವೈಸರಾಯ್ 1759ರಲ್ಲಿ ಅಲ್ಲಿಂದ ಕಾಲ್ತೆಗೆದ, 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಪ್ರವಾಸಕ್ಕೆಂದು ಮಕ್ಕಳನ್ನು ಹಳೆ ಗೋವಾಕ್ಕೆ ಕರೆದುಕೊಂಡು ಹೋದರೆ ದೊಡ್ಡ ದೊಡ್ಡ ಚರ್ಚುಗಳು ಕಾಣುತ್ತವೆ. ಅವುಗಳ ಸುತ್ತ ಇದ್ದ ಊರು ಎಲ್ಲಿ ಸರ್ ಎಂದು ಕೇಳುವ ಮಗು ಜಾಣ ಮಗು ಎಂದು ತಿಳಿಯಬೇಕು.

ಗೋವಾದವರು ಹೊಟ್ಟೆಪಾಡಿಗೆ ಹೊರಗೆ ಹೋದಾಗ ಅವರ ಕೈಗೆ ಹೆಚ್ಚಾಗಿ ಸಿಕ್ಕಿದ ಕೆಲಸಗಳಲ್ಲಿ ಅಡುಗೆಯೂ ಒಂದು. ಬ್ರಿಟಿಷರ ಬಂಗಲೆಗಳಲ್ಲಿ, ಉಗಿಹಡಗುಗಳಲ್ಲಿ ಬಾಣಸಿಗರಾಗಿ ದುಡಿದರು. ಮುಂಬಯಿಯ ಧೋಬಿ ತಲಾವ್, ಮಝಗಾಂವ್ ಕಡೆ ಒಂದೊಂದು ಹಳ್ಳಿಯವರು ಒಂದೊಂದು 'ಕೂಡ್' ಮಾಡಿಕೊಂಡರು. ಹಡಗು ಸಿಗುವವರೆಗೆ ಅಲ್ಲಿ ತಮ್ಮ ಟ್ರಂಕು ಇಟ್ಟುಕೊಂಡು ಮಲಗುವುದು, ಊರವರೇ ಸೇರಿ ಉಣ್ಣುವುದು. ಅಂಥವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಕಾರ್ಡೋಜ್ ಅವರನ್ನು ನಾನು ಆ ಸಾಲಿನ ಕೊನೆಯಲ್ಲಿಟ್ಟು ನೋಡುತ್ತೇನೆ. ವ್ಯತ್ಯಾಸ ಇಷ್ಟೇ, ಇವರ ಹೆಸರು ಬಾಗಿಲ ಮೇಲೆ ಬಂತು.

ಅದು ಸುಲಭವಾಗಿ ಬರಲಿಲ್ಲ. ನ್ಯೂಯಾರ್ಕಿನಲ್ಲಿ ಆಗ ಭಾರತದ ಊಟ ಎಂದರೆ ಅಗ್ಗದ ಊಟ. ಎಲ್ಲ ಹೋಟೆಲಿನಲ್ಲೂ ಅದೇ ತಂದೂರಿ, ಅದೇ ಕೆಂಪು ಗ್ರೇವಿ. ಕಾರ್ಡೋಜ್ ಲೆಸ್ಪಿನಾಸ್ ಎಂಬ ದೊಡ್ಡ ಹೋಟೆಲಿನಲ್ಲಿ ಗ್ರೇ ಕುಂಜ್ ಎಂಬ ಹೆಸರಾಂತ ಬಾಣಸಿಗರ ಕೈಕೆಳಗೆ ವರ್ಷಗಟ್ಟಲೆ ದುಡಿದು ಮೇಲೆ ಬಂದರು. 1998ರಲ್ಲಿ ಡ್ಯಾನಿ ಮೇಯರ್ ಎಂಬ ಉದ್ಯಮಿಯ ಜೊತೆ ಸೇರಿ 'ತಬಲಾ' ಎಂಬ ಹೋಟೆಲು ತೆರೆದರು. ಅಮೆರಿಕದ ಮೀನು, ತರಕಾರಿ, ಮಾಂಸ, ಅದಕ್ಕೆ ನಮ್ಮ ಕೊತ್ತಂಬರಿ, ಹುಣಸೆ, ಕೋಕಂ. ಮರುವರ್ಷವೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದಕ್ಕೆ ಮೂರು ನಕ್ಷತ್ರ ಕೊಟ್ಟಿತು (ಅವರ ಲೆಕ್ಕದಲ್ಲಿ ನಾಲ್ಕೇ ಹೆಚ್ಚು). ಹನ್ನೆರಡು ವರ್ಷ ನಡೆದು 2010ರ ಕೊನೆಗೆ ತಬಲಾ ಮುಚ್ಚಿತು. ಅಂದರೆ ಉಪ್ಪಿಟ್ಟಿನಿಂದ ಗೆದ್ದಾಗ ಅವರ ಆ ಹೋಟೆಲು ಇರಲಿಲ್ಲ.

ಆಮೇಲೆ ಅವರು ಮುಖ ತಿರುಗಿಸಿದ್ದು ಹುಟ್ಟಿದ ಊರಿನತ್ತ. 2015ರಲ್ಲಿ ಇಬ್ಬರು ಯುವಕರ ಜೊತೆ ಮುಂಬಯಿಯ ಲೋವರ್ ಪರೇಲ್‌ನಲ್ಲಿ 'ಬಾಂಬೆ ಕ್ಯಾಂಟೀನ್', 2017ರಲ್ಲಿ ಗೋವಾದ ಅಡುಗೆಗೇ ಮೀಸಲಾದ 'ಓ ಪೆದ್ರೊ' ಶುರುವಾದವು. ದೊಡ್ಡ ಹೋಟೆಲುಗಳು ಇಟಲಿ, ಫ್ರಾನ್ಸ್ ಎಂದು ಕುಣಿಯುವಾಗ ಇವರು ನಮ್ಮ ಹಳ್ಳಿಯ ಸೊಪ್ಪು, ಕಾಳು, ಕಿರುಧಾನ್ಯಗಳನ್ನು ಬೆಳ್ಳಿ ಚಮಚದ ಪಕ್ಕಕ್ಕೆ ತಂದರು. ಇದು ನನಗೆ ಅವರ ಅಮೆರಿಕದ ಗೆಲುವಿಗಿಂತ ದೊಡ್ಡದಾಗಿ ಕಾಣುತ್ತದೆ. ಪರದೇಶದಲ್ಲಿ ಉಪ್ಪಿಟ್ಟು ಹೊಸತು, ಹಾಗಾಗಿ ಮೆಚ್ಚುತ್ತಾರೆ. ಉಪ್ಪಿಟ್ಟು ತಿಂದು ಬೇಸತ್ತವರ ಎದುರು ಅದನ್ನೇ ಇಟ್ಟು 'ಇನ್ನೊಮ್ಮೆ ನೋಡಿ' ಎನ್ನುವುದಕ್ಕೆ ಎದೆಗಾರಿಕೆ ಬೇಕು.

2020ರ ಮಾರ್ಚ್ ಮೊದಲ ವಾರ ಅವರು ಮುಂಬಯಿಯಲ್ಲೇ ಇದ್ದರು. ಬಾಂಬೆ ಕ್ಯಾಂಟೀನಿನ ಐದನೇ ವರ್ಷದ ಸಂಭ್ರಮ, ಜೊತೆಗೆ ಬೈಕುಲಾದಲ್ಲಿ ಹೊಸ ಮಿಠಾಯಿ ಅಂಗಡಿಯ ಆರಂಭ. 8ನೇ ತಾರೀಖು ಜರ್ಮನಿಯ ಫ್ರಾಂಕ್‌ಫರ್ಟ್ ಮೂಲಕ ವಿಮಾನದಲ್ಲಿ ಅಮೆರಿಕಕ್ಕೆ ಹೊರಟರು. 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೊರೋನಾವನ್ನು ಜಾಗತಿಕ ಮಹಾಮಾರಿ ಎಂದು ಸಾರಿತು. 18ಕ್ಕೆ ಅವರಿಗೆ ಸೋಂಕು ಇರುವುದು ಖಚಿತವಾಯಿತು. 25ಕ್ಕೆ ನ್ಯೂಜೆರ್ಸಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 59.

ಆ 25ನೇ ತಾರೀಖು ನಮಗೂ ಮರೆಯುವ ದಿನವಲ್ಲ. ಅಂದು ಯುಗಾದಿ, ಬೇವು ಬೆಲ್ಲದ ದಿನ. ಅಂದೇ ಇಡೀ ದೇಶಕ್ಕೆ ಲಾಕ್‌ಡೌನಿನ ಮೊದಲ ದಿನ. ಗೋವಾದಲ್ಲಿ ಮೊದಲ ಮೂರು ಸೋಂಕಿತರು ಪತ್ತೆಯಾದದ್ದೂ ಅಂದೇ. ಕಡಲತೀರದ ಹೋಟೆಲುಗಳ ಒಲೆ ಆರಿತು. ಹೋಟೆಲಿನಲ್ಲಿ ದುಡಿಯುವವನಿಗೆ ಅಲ್ಲೇ ಊಟ, ಎಷ್ಟೋ ಜನಕ್ಕೆ ಅಲ್ಲೇ ವಾಸ. ಒಲೆ ಆರಿದರೆ ಸಂಬಳ ಒಂದೇ ಅಲ್ಲ, ಊಟ, ಸೂರು ಎಲ್ಲಕ್ಕೂ ಕುತ್ತು. ಬಸ್ಸಿಲ್ಲ, ರೈಲಿಲ್ಲ, ಗಡಿ ಮುಚ್ಚಿದೆ. ಊರಿಗೆ ಹೋಗಬೇಕೆಂದವರು ಹೋಗಲಾರರು, ಇರಬೇಕೆಂದವರಿಗೆ ಇಲ್ಲಿ ಬಾಡಿಗೆ ಕಟ್ಟಲು ಹಣವಿಲ್ಲ. ಶಾಲೆ ಮುಚ್ಚಿದ್ದರಿಂದ ಮಕ್ಕಳ ಮಧ್ಯಾಹ್ನದ ಬಿಸಿಯೂಟವೂ ನಿಂತಿತು. ಮುಂದೆ ದಾರಿ ತೆರೆದಾಗ ಗಂಟುಮೂಟೆ ಕಟ್ಟಿಕೊಂಡು ಊರು ಸೇರಿದ ಕುಟುಂಬಗಳಲ್ಲಿ ಎಲ್ಲವೂ ಮರಳಿ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದಿನ ಮನೆ ಖಾಲಿಯೇ ಉಳಿಯಿತು. ಪತ್ರಿಕೆಗಳು ಹೆಸರಾಂತ ಬಾಣಸಿಗರ ಸಾವನ್ನು ಬರೆದವು, ಸರಿಯೇ. ಆ ಖಾಲಿ ಮನೆಗಳ ಲೆಕ್ಕವನ್ನು ನಾವು ಶಾಲೆಯವರೇ ಬರೆದಿಡಬೇಕು.

ಕಾರ್ಡೋಜ್ ತೀರಿಕೊಳ್ಳುವ ಮೊದಲು ಅಮೆರಿಕದ ಒಂದು ಸಂಬಾರ ಪದಾರ್ಥದ ಕಂಪನಿಯ ಜೊತೆ ಸೇರಿ ತಮ್ಮದೇ ಮಸಾಲೆ ಪುಡಿಗಳನ್ನು ಹದ ಮಾಡುತ್ತಿದ್ದರು. ಅವರ ಪತ್ನಿ ಆ ಕೆಲಸವನ್ನು ಮುಂದುವರಿಸಿದರು. ಅದೇ ವರ್ಷ, ಊರೆಲ್ಲ ಮನೆಯೊಳಗೇ ಇದ್ದು ಅಡುಗೆ ಕಲಿಯುತ್ತಿದ್ದ ಕಾಲಕ್ಕೆ, ಆ ಪುಡಿಗಳು ಮಾರಾಟಕ್ಕೆ ಬಂದವು. ಅವುಗಳಲ್ಲಿ ಒಂದರ ಹೆಸರು ಗೋವನ್ ಮಸಾಲಾ.