ಕರಡಿಯಾಟದಿಂದ ಕರಡಿಧಾಮಕ್ಕೆ

ಹಳ್ಳಿಯ ಬೀದಿಯಲ್ಲಿ ಡಮರುಗದ ಸದ್ದು ಕೇಳಿದೊಡನೆ ಮಕ್ಕಳು ಓಡಿ ಬರುತ್ತಿದ್ದ ಕಾಲವೊಂದಿತ್ತು. ಆಡಿಸುವವನು ಹಗ್ಗ ಜಗ್ಗುತ್ತಿದ್ದನು. ಕರಡಿ ಎರಡು ಕಾಲಿನ ಮೇಲೆ ನಿಂತು ಕುಣಿಯುತ್ತಿತ್ತು. ನೋಡಿದವರು ಕಾಸನ್ನೋ ಕಾಳನ್ನೋ ಕೊಟ್ಟು ಮನೆಗೆ ಮರಳುತ್ತಿದ್ದರು. ಮಕ್ಕಳ ಅಂಜಿಕೆ ಹೋಗಲೆಂದು ಕರಡಿಯ ಕೂದಲಿನ ತಾಯಿತ ಕಟ್ಟುತ್ತಿದ್ದುದೂ ಉಂಟು.

ಆ ಕುಣಿತದ ಹಿಂದಿನ ಕಥೆಯೇ ಬೇರೆ. ತಾಯಿಯನ್ನು ಕೊಂದು ಮರಿಯನ್ನು ಹಿಡಿಯುವುದು, ಕಾದ ಸೂಜಿಯಿಂದ ಮೂತಿಯನ್ನು ಚುಚ್ಚಿ ಹಗ್ಗ ಪೋಣಿಸುವುದು, ಕೋರೆಹಲ್ಲು ಮುರಿಯುವುದು ಇವು ಅದರ ಪೂರ್ವಸಿದ್ಧತೆಗಳಾಗಿದ್ದವು. ಹಿಂಸೆಯನ್ನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಈ ಮೂರೂ ದೋಷವೆನ್ನುವುದಾದರೆ, ನಾಣ್ಯ ಕೊಟ್ಟ ಕೈಯೂ ನಿರ್ದೋಷಿಯಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕರಡಿಗೆ ರಕ್ಷಣೆ ನೀಡಿತು. 1998ರ ಕೇಂದ್ರ ಸರ್ಕಾರದ ಅಧಿಸೂಚನೆ ಕರಡಿಯೂ ಸೇರಿದಂತೆ ಕೆಲವು ಪ್ರಾಣಿಗಳ ಪ್ರದರ್ಶನವನ್ನು ನಿಷೇಧಿಸಿತು. ಆದರೆ ತಲೆಮಾರುಗಳಿಂದ ಈ ವೃತ್ತಿಯನ್ನೇ ನಂಬಿದ್ದ ಖಲಂದರ್ ಕುಟುಂಬಗಳಿಂದ ಕರಡಿಯನ್ನು ಕಿತ್ತುಕೊಂಡರೆ ಅವರ ಒಲೆ ಆರುತ್ತಿತ್ತು. ಹಸಿದವನು ಮತ್ತೊಂದು ಮರಿಯನ್ನು ತರದಿರುವನೇ?

ಕಾರ್ತಿಕ್ ಸತ್ಯನಾರಾಯಣ ಮತ್ತು ಗೀತಾ ಶೇಷಮಣಿಯವರು 1995ರಲ್ಲಿ ಸ್ಥಾಪಿಸಿದ ವೈಲ್ಡ್‌ಲೈಫ್ ಎಸ್‌ಓಎಸ್ ಸಂಸ್ಥೆ ಈ ಗಂಟನ್ನು ಸರಿಯಾಗಿ ಗುರುತಿಸಿತು. ಕರಡಿಯನ್ನು ಒಪ್ಪಿಸಿದವರಿಗೆ ಬೇರೆ ಉದ್ಯೋಗಕ್ಕೆ ಮೂಲಧನವನ್ನೂ ಮಕ್ಕಳ ಓದಿಗೆ ನೆರವನ್ನೂ ನೀಡಿತು. ಅರಣ್ಯ ಇಲಾಖೆಯ ಸಹಕಾರದಿಂದ 2005ರಲ್ಲಿ ಬನ್ನೇರುಘಟ್ಟದಲ್ಲಿ ಕರಡಿ ಪುನರ್ವಸತಿ ಕೇಂದ್ರ ಆರಂಭವಾಯಿತು. 2009ರ ಡಿಸೆಂಬರಿನಲ್ಲಿ ಕೊನೆಯ ಕುಣಿಯುವ ಕರಡಿಯೆಂದು ಗುರುತಿಸಲಾದ ‘ರಾಜು’ ಅಲ್ಲಿಯೇ ಬಂಧಮುಕ್ತವಾಯಿತು. ಸಂಸ್ಥೆ ದೇಶದಲ್ಲಿ ರಕ್ಷಿಸಿದ ಇಂತಹ ಕರಡಿಗಳು 600ಕ್ಕೂ ಹೆಚ್ಚು.

ಹಲ್ಲು ಕಳೆದುಕೊಂಡ ಕರಡಿ ಕಾಡಿಗೆ ಮರಳಲಾರದು. ಗಂಜಿ, ಹಣ್ಣು, ಔಷಧಗಳನ್ನು ಅದಕ್ಕೆ ಜೀವಮಾನವಿಡೀ ಒದಗಿಸಬೇಕು. ಒಮ್ಮೆ ಕೊಟ್ಟ ದೊಡ್ಡ ದೇಣಿಗೆಗಿಂತ ತಪ್ಪದೆ ಬರುವ ಸಣ್ಣ ದೇಣಿಗೆ ಇಲ್ಲಿ ಹೆಚ್ಚು ಉಪಯುಕ್ತ. ಆದ್ದರಿಂದ ಒಂದು ಕರಡಿಯ ಪೋಷಣೆಯ ವೆಚ್ಚವನ್ನು ದಾನಿಗಳು ವಹಿಸಿಕೊಳ್ಳುವ ಕ್ರಮ ಬೆಳೆಯಿತು. ಆಸ್ಟ್ರೇಲಿಯಾ, ಬ್ರಿಟನ್ನುಗಳ ಸಂಸ್ಥೆಗಳೂ ಕೈಜೋಡಿಸಿದವು.

ಮಾನ್ವಿಯ ಜನರಿಗೆ ಇದರ ಇನ್ನೊಂದು ಮುಖ ತುಂಗಭದ್ರೆಯ ಆಚೆಗೇ ಇದೆ. ಹಂಪಿಯ ಸಮೀಪದ ದರೋಜಿ ಕರಡಿಧಾಮ 1994ರಲ್ಲಿ ಘೋಷಿತವಾಯಿತು. ಅಲ್ಲಿಯವು ಸ್ವತಂತ್ರ ಕಾಡುಕರಡಿಗಳು. ಸಂದರ್ಶಕರು ಶುಲ್ಕ ತೆತ್ತು, ವೀಕ್ಷಣಾಗೋಪುರದಲ್ಲಿ ಮೌನವಾಗಿ ಕಾದು, ಬಂಡೆಗಳ ನಡುವಿನಿಂದ ಇಳಿದು ಬರುವ ಕರಡಿಯನ್ನು ದೂರದಿಂದ ಕಾಣುತ್ತಾರೆ. ಬಾರದಿದ್ದರೆ ಕರೆಸುವ ಹಗ್ಗ ಯಾರ ಕೈಯಲ್ಲಿಯೂ ಇಲ್ಲ.

ಅಂದೂ ನೋಡುಗ ಹಣ ಕೊಟ್ಟನು, ಇಂದೂ ಕೊಡುತ್ತಾನೆ. ಅಂದಿನ ಕಾಸು ಹಗ್ಗವನ್ನು ಬಿಗಿದಿತ್ತು. ಇಂದಿನದು ಅದನ್ನು ಬಿಚ್ಚಿಡುತ್ತಿದೆ. ಅಭಯದಾನವೆಂದರೆ ಜೀವಿಯನ್ನು ಬಿಡಿಸುವುದಷ್ಟೇ ಅಲ್ಲ, ಅದನ್ನು ಕಟ್ಟಿದ್ದವನ ಮನೆಯ ಅನ್ನವನ್ನೂ ನೆನೆಯುವುದು. ಎರಡನ್ನೂ ನಡೆಸಿದುದರಿಂದಲೇ ಈ ಕಾರ್ಯ ನಿಂತಿತು.