ಗಾಂಧಾರಿಯ ಮೊದಲ ತಟ್ಟೆಗಳು

1932ರಲ್ಲಿ ಎಚ್.ಎಂ.ವಿ. ಸಂಸ್ಥೆಯವರು ಹುಬ್ಬಳ್ಳಿಯ ಹತ್ತೊಂಬತ್ತರ ತರುಣಿಯೊಬ್ಬಳನ್ನು ಮುಂಬಯಿಗೆ ಕರೆಸಿ ಹಾಡಿಸಿದರು. ತಟ್ಟೆಯ ನಡುವಣ ಚೀಟಿಯಲ್ಲಿ ಅಚ್ಚಾದ ಹೆಸರು ಗಾಂಧಾರಿ. ಗಂಗೂಬಾಯಿ ಹಾನಗಲ್ಲರ ಗಂಡುದನಿಯನ್ನಷ್ಟೇ ಬಲ್ಲ ರಸಿಕರಿಗೆ ಆ ತಟ್ಟೆ ಹಾಕಿ ತೋರಿಸಿದರೆ, ಇವರು ಬೇರೆ ಯಾರೋ ಎಂದಾರು. ತೆಳುವಾದ, ಏರುಶ್ರುತಿಯ, ಸವಿಯಾದ ಕಂಠ ಅದು.

ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ನುರಿತವರು. ಧಾರವಾಡಕ್ಕೆ ಬಂದಾಗ ಅಬ್ದುಲ್ ಕರೀಂಖಾನರು ಆಕೆಯ ಹಾಡು ಕೇಳುತ್ತಿದ್ದರಂತೆ. ಮಗಳು ಹಿಂದೂಸ್ತಾನಿಯ ಕಡೆ ತಿರುಗಿದಾಗ, ತನ್ನ ಪದ್ಧತಿಯ ನೆರಳು ಅವಳ ಹಾಡಿನ ಮೇಲೆ ಬೀಳಬಾರದೆಂದು ಆ ತಾಯಿ ತಾನು ಹಾಡುವುದನ್ನೇ ಬಿಟ್ಟರು. ಇಂಥ ತ್ಯಾಗವನ್ನು ನಮ್ಮ ಸಂಗೀತದ ಇತಿಹಾಸಕಾರರು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ!

ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದ ಮೇಲೆ ಸ್ವಲ್ಪ ಮಾತ್ರ ಅವಕಾಶ. ಬಡಾ ಖ್ಯಾಲಿನ ಆಲಾಪಕ್ಕೆ ಅದೆಲ್ಲಿ ಸಾಲಬೇಕು? ಹೀಗಾಗಿ ಆ ವರ್ಷಗಳಲ್ಲಿ ಅವರು ಖ್ಯಾಲಿನ ಜೊತೆಗೆ ಠುಮರಿ, ಭಜನೆ, ಭಾವಗೀತೆಗಳನ್ನೂ ಹಾಡಿದರು. ಜಿ. ಎನ್. ಜೋಶಿಯವರೊಡನೆ ಹಾಡಿದ ಮರಾಠಿ ಯುಗಳಗೀತೆಯಂತೂ ಜನಪ್ರಿಯವಾಯಿತು. ಪಂಡಿತರಿಗೆ ಇದು ಬೆರಕೆಯೆನಿಸಿದ್ದರೆ ಆಶ್ಚರ್ಯವಿಲ್ಲ. ನನಗೆ ಹಾಗನಿಸುವುದಿಲ್ಲ. ಮೈಕ್ರೋಫೋನು ಬಂದ ಮೇಲೆ ಗಾಯಕರು ಸಭೆಯ ಕೊನೆಯ ಸಾಲಿಗೆ ಕೇಳುವಂತೆ ಕೂಗಬೇಕಿರಲಿಲ್ಲ. ಮೆಲುದನಿಗೂ ಬೆಲೆ ಬಂತು. ಸರಿಯಾಗಿ ಎಪ್ಪತ್ತು ವರ್ಷದ ಮೇಲೆ, 2002ರಲ್ಲಿ, ರವಿಶಂಕರರ ಮಗಳು ನೋರಾ ಜೋನ್ಸ್ ತನ್ನ ಮೊದಲ ಆಲ್ಬಮಿನಲ್ಲಿ ಜಾಝ್, ಪಾಪ್, ಕಂಟ್ರಿಗಳನ್ನು ಹೀಗೆಯೇ ಮೆತ್ತಗೆ ಕೂಡಿಸಿದಳು. ಆಗ ಅವಳಿಗೆ ಇಪ್ಪತ್ತೆರಡು. ಮರುವರ್ಷ ಐದು ಗ್ರ್ಯಾಮಿಗಳು ಅವಳ ಪಾಲಾದವು. ಗೀತಾಲಿ ಎಂಬ ಹುಟ್ಟುಹೆಸರನ್ನು ಅವಳು ಅಷ್ಟರಲ್ಲಿ ಬಿಟ್ಟಿದ್ದಳು.

ನಮ್ಮ ಗಾಂಧಾರಿಗೆ ಅಂಥ ಮನ್ನಣೆ ಎಲ್ಲಿಯದು? ಹಾಡುವವರ ಮನೆಯ ಹುಡುಗಿಯೆಂದು ನೆರೆಹೊರೆಯವರು ಹಳಿಯುತ್ತಿದ್ದ ಕಾಲ. ಗಂಡಸು ಹಾಡಿದರೆ ಪಂಡಿತ ಅಥವಾ ಉಸ್ತಾದ, ಹೆಂಗಸು ಹಾಡಿದರೆ ಬರೀ ಬಾಯಿ ಎಂದು ಅವರೇ ಮುಂದೆ ನೊಂದು ನುಡಿದದ್ದುಂಟು. ತಟ್ಟೆಗೆ ಮಾತ್ರ ಈ ಮಡಿಮೈಲಿಗೆಗಳ ಹಂಗಿಲ್ಲ. ಪೆಟ್ಟಿಗೆಯಲ್ಲಿ ಕೂತು ಅದು ಯಾವ ಸೀಮೆಗಾದರೂ ಹೋದೀತು. ಯಾದಗಿರಿ, ಶಹಾಪುರ, ಸುರಪುರಗಳು ಆಗ ನಿಜಾಮರ ಗುಲಬರ್ಗಾ ಜಿಲ್ಲೆಯಲ್ಲಿದ್ದವು. ಅಲ್ಲಿಯ ಕೇಳುಗ ಹುಬ್ಬಳ್ಳಿಯ ಕಚೇರಿಗೆ ಬರಬೇಕಾದರೆ ಸಂಸ್ಥಾನದ ಗಡಿಯನ್ನೇ ದಾಟಬೇಕಿತ್ತು. ಒಂದು ತಟ್ಟೆ, ಒಂದು ಮುಳ್ಳು ಸಿಕ್ಕರೆ ಆ ಪ್ರಯಾಣ ಉಳಿಯುತ್ತಿತ್ತು.

ಮುಂದಿನ ಕಥೆ ಬಲ್ಲವರೇ ಬಹಳ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತದ್ದು, ಒಂದೊಂದು ಸ್ವರವನ್ನು ತಿದ್ದಿ ತಿದ್ದಿ ಕಟ್ಟಿದ ಆ ಕಿರಾನಾ ಗಾಯನ. 1945ರಿಂದ ಠುಮರಿ ಭಾವಗೀತೆಗಳನ್ನು ಅವರು ಪೂರ್ತಿ ಬಿಟ್ಟರು, ರಾಗಸಂಗೀತವೊಂದೇ ಉಳಿಯಿತು. ಗಂಟಲ ಬೇನೆಗೆ ಚಿಕಿತ್ಸೆಯಾದ ಮೇಲೆ ಕಂಠವೂ ಬದಲಾಗಿ ಗಡುಸಾಯಿತು. ಆ ಗಡಸುತನದಿಂದಲೇ ಅವರು ದೊಡ್ಡವರಾದರು, ನಿಜ. 2009ರ ಜುಲೈ 21ರಂದು ತೀರಿಕೊಂಡಾಗ ನಾಡು ಅತ್ತದ್ದು ಆ ಗಂಭೀರ ದನಿಗಾಗಿ. ಹತ್ತೊಂಬತ್ತರ ಗಾಂಧಾರಿಯ ದನಿ ಬೇಕಾದವರು ಈಗಲೂ ಆ ಅರಗಿನ ತಟ್ಟೆಗಳಿಗೇ ಹೋಗಬೇಕು.