ಕೊಟ್ಟ ಉತ್ತರವೇ ಮರಳಿ ಪ್ರಶ್ನೆಯಾದಾಗ

ಆನ್‌ಲೈನ್ ಅರ್ಜಿ ನಮೂನೆಯ ಮೊದಲ ಪುಟದಲ್ಲಿ ಹೆಸರು ಕೇಳಿ, ಎರಡನೆಯ ಪುಟದಲ್ಲಿ ಅದೇ ಹೆಸರಿನಿಂದ ಸಂಬೋಧಿಸುವ ಪರಿಪಾಠ ಈಗ ಹೊಸದೇನಲ್ಲ. 'ನೀವು ಬಳಸುವ ಬ್ಯಾಂಕ್ ಯಾವುದು?' ಎಂಬುದಕ್ಕೆ ಬರೆದ ಉತ್ತರ ಮುಂದಿನ ಪ್ರಶ್ನೆಯ ವಾಕ್ಯದೊಳಗೆ ತಾನಾಗಿಯೇ ಬಂದು ಕೂರುತ್ತದೆ. ಸಮೀಕ್ಷಾ ತಂತ್ರಾಂಶಗಳ ಪರಿಭಾಷೆಯಲ್ಲಿ ಇದಕ್ಕೆ 'ಪೈಪಿಂಗ್' ಎಂದು ಹೆಸರು. ಒಂದು ಪ್ರಶ್ನೆಯ ಉತ್ತರವನ್ನು ಕೊಳವೆಯಲ್ಲಿ ಹರಿಸಿದಂತೆ ಇನ್ನೊಂದು ಪ್ರಶ್ನೆಗೆ ಸಾಗಿಸುವುದು ಎಂದರ್ಥ. ವಾಹನವಿಲ್ಲ ಎಂದವರಿಗೆ ಪೆಟ್ರೋಲ್ ಖರ್ಚನ್ನು ಕೇಳದೆ ಮುಂದೆ ಸಾಗುವ 'ಕವಲು' ವ್ಯವಸ್ಥೆ ಇದರ ಸೋದರ ಸಂಬಂಧಿಯಾದರೂ ಬೇರೆಯದು.

ತಂತ್ರ ಸರಳ. ಪ್ರತಿ ಪ್ರಶ್ನೆಗೂ ಒಳಗೊಂದು ಗುಪ್ತ ಹೆಸರಿರುತ್ತದೆ; ಆ ಹೆಸರನ್ನು ಮುಂದಿನ ಪ್ರಶ್ನೆಯಲ್ಲಿ ಗುರುತಿನೊಂದಿಗೆ ಬರೆದರೆ, ಭರ್ತಿ ಮಾಡುವವರಿಗೆ ಅಲ್ಲಿ ತಮ್ಮ ಉತ್ತರ ಕಾಣಿಸುತ್ತದೆ. ಮುಕ್ತ ತಂತ್ರಾಂಶವಾದ ಲೈಮ್‌ಸರ್ವೆಯಲ್ಲಿ ಇದಕ್ಕೆ ಪುಷ್ಪಾವರಣವನ್ನು ಬಳಸಲಾಗುತ್ತದೆ. 2008ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ, ಮೊಬೈಲ್ ಮೂಲಕ ಕ್ಷೇತ್ರ ಸಮೀಕ್ಷೆ ನಡೆಸುವ ಓಡಿಕೆಯಲ್ಲಿ ಪುಷ್ಪಾವರಣದ ಹಿಂದೆ ಡಾಲರ್ ಚಿಹ್ನೆಯೂ ಬೇಕು.

ಎಡವುವುದು ತಂತ್ರದಲ್ಲಲ್ಲ, ಊಹೆಯಲ್ಲಿ. ಉತ್ತರಿಸುವವರು ಹೆಸರಿನ ಜಾಗವನ್ನು ಖಾಲಿ ಬಿಟ್ಟರೆ 'ನಮಸ್ಕಾರ' ಎಂಬುದರ ಮುಂದೆ ಬರೀ ಅಲ್ಪವಿರಾಮ ಉಳಿಯುತ್ತದೆ. ಬ್ಯಾಂಕಿನ ಹೆಸರಿನ ಜಾಗದಲ್ಲಿ 'ಯಾವುದೂ ಇಲ್ಲ' ಎಂದು ಬರೆದವರಿಗೆ 'ಯಾವುದೂ ಇಲ್ಲ ಬ್ಯಾಂಕಿನ ಸೇವೆ ತೃಪ್ತಿಕರವೇ?' ಎಂಬ ಪ್ರಶ್ನೆ ಎದುರಾಗುತ್ತದೆ. ನಗು ತರಿಸುವ ಈ ಲೋಪಕ್ಕಿಂತ ಗಂಭೀರವಾದುದು ಮತ್ತೊಂದಿದೆ. ಹಿಂದಿನ ಪುಟಕ್ಕೆ ಮರಳಿ ಬ್ಯಾಂಕಿನ ಹೆಸರನ್ನು ತಿದ್ದಿದರೆ, ಮೊದಲ ಬ್ಯಾಂಕಿನ ಬಗ್ಗೆ ನೀಡಿದ್ದ ಅಭಿಪ್ರಾಯ ಸದ್ದಿಲ್ಲದೆ ಎರಡನೆಯದರ ಖಾತೆಗೆ ಸೇರಿಬಿಡಬಹುದು.

ರಸಪ್ರಶ್ನೆ ಹಾಗೂ ಪರೀಕ್ಷೆಗಳಲ್ಲಿ ಹಿಂದಿನ ಉತ್ತರದ ಪಾತ್ರ ತುಸು ಬೇರೆ. ಅಲ್ಲಿ ಅದು ವಾಕ್ಯವನ್ನಲ್ಲ, ಪ್ರಶ್ನೆಯ ಕಾಠಿಣ್ಯವನ್ನು ನಿರ್ಧರಿಸುತ್ತದೆ. ವಿದೇಶಿ ವ್ಯಾಸಂಗಕ್ಕೆ ಹೋಗುವವರು ಬರೆಯುವ ಜಿಆರ್‌ಇ ಪರೀಕ್ಷೆಯಲ್ಲಿ 2011ರಿಂದ ಮೊದಲ ವಿಭಾಗದ ಸಾಧನೆಯನ್ನು ನೋಡಿ ಎರಡನೆಯ ವಿಭಾಗದ ಮಟ್ಟವನ್ನು ಆರಿಸಲಾಗುತ್ತಿದೆ.

ನೆನಪಿಗೆ ಊರುಗೋಲು

ಹಿಂದಿನ ಉತ್ತರದ ಬಳಕೆಯನ್ನು ಕೇವಲ ಸೌಜನ್ಯದ ಅಲಂಕಾರ ಎನ್ನಲಾಗದು. ಅಮೆರಿಕದಲ್ಲಿ ನಿರುದ್ಯೋಗ ಪ್ರಮಾಣವನ್ನು ಅಳೆಯಲು ಪ್ರತಿ ತಿಂಗಳು ಸುಮಾರು 60,000 ಕುಟುಂಬಗಳ ಸಮೀಕ್ಷೆ ನಡೆಯುತ್ತದೆ. ಒಂದು ಕುಟುಂಬವನ್ನು 4 ತಿಂಗಳು ಪ್ರಶ್ನಿಸಿ, 8 ತಿಂಗಳು ಬಿಟ್ಟು, ಮತ್ತೆ 4 ತಿಂಗಳು ಪ್ರಶ್ನಿಸುವುದು ಕ್ರಮ. ಪ್ರತಿ ಸಲವೂ ಉದ್ಯೋಗದ ವಿವರವನ್ನು ಹೊಸದಾಗಿಯೇ ಕೇಳುತ್ತಿದ್ದ ಕಾಲದಲ್ಲಿ, ಒಂದೇ ಕೆಲಸದಲ್ಲಿದ್ದವರೂ ಅದನ್ನು ಬೇರೆ ಮಾತುಗಳಲ್ಲಿ ವರ್ಣಿಸಿದ ಮಾತ್ರಕ್ಕೆ ಉದ್ಯೋಗ ಬದಲಿಸಿದವರಂತೆ ಲೆಕ್ಕಕ್ಕೆ ಸಿಗುತ್ತಿದ್ದರು. 1994ರ ಜನವರಿಯಲ್ಲಿ ಸಮೀಕ್ಷೆಯನ್ನು ಗಣಕೀಕರಿಸಿ ಮರುರೂಪಿಸಿದಾಗ, ಕಳೆದ ತಿಂಗಳು ತಿಳಿಸಿದ ಸಂಸ್ಥೆಯ ಹೆಸರನ್ನೇ ಓದಿ 'ಈಗಲೂ ಅಲ್ಲೇ ಇದ್ದೀರಾ?' ಎಂದು ಕೇಳುವ ಪದ್ಧತಿ ಬಂತು. ಇಲ್ಲದ ಬದಲಾವಣೆಗಳು ಗಣನೀಯವಾಗಿ ತಗ್ಗಿದವು. ಆದರೆ 8 ತಿಂಗಳ ಬಿಡುವಿನ ನಂತರದ ಐದನೆಯ ಸಂದರ್ಶನದಲ್ಲಿ ಎಲ್ಲವನ್ನೂ ಹೊಸದಾಗಿಯೇ ಕೇಳಲಾಗುತ್ತದೆ ಎಂಬುದು ಗಮನಾರ್ಹ.

ಏಕೆಂದರೆ ಊರುಗೋಲಿನ ಮೇಲೆ ಪೂರ್ತಿ ಭಾರ ಹಾಕಲಾಗದು. ಹಳೆಯ ಉತ್ತರವನ್ನು ಮುಂದಿಟ್ಟು 'ಸರಿಯೇ?' ಎಂದರೆ 'ಹೌದು' ಎನ್ನುವುದು ಎಲ್ಲರಿಗೂ ಸುಲಭ. ಒಮ್ಮೆ ನುಸುಳಿದ ತಪ್ಪು ಪ್ರತಿ ಸುತ್ತಿನಲ್ಲೂ ದೃಢೀಕೃತವಾಗುತ್ತ ಸಾಗುತ್ತದೆ. ನಿಜವಾದ ಬದಲಾವಣೆ ದಾಖಲಾಗದೆ ಹೋಗುತ್ತದೆ. ಹೀಗಾಗಿ ಮೊದಲು ಹೊಸದಾಗಿ ಕೇಳಿ, ಹಳೆಯದಕ್ಕೂ ಹೊಸದಕ್ಕೂ ತಾಳೆಯಾಗದಿದ್ದರೆ ಮಾತ್ರ ಹಿಂದಿನದನ್ನು ತೋರಿಸುವ ಎರಡನೆಯ ಮಾರ್ಗವೂ ಬಳಕೆಯಲ್ಲಿದೆ. ಆದಾಯ, ಆರೋಗ್ಯದಂಥ ವಿಷಯಗಳಿಗೆ ಇದೇ ಲೇಸು. ಕಳೆದ ಬಾರಿ ಸೊಸೆ ಹೇಳಿದ ಸಂಬಳದ ಮೊತ್ತವನ್ನು ಈ ಬಾರಿ ಅತ್ತೆಯ ಮುಂದೆ ಓದಿದರೆ ಆಗುವ ಹಾನಿಯನ್ನು ಯಾವ ತಂತ್ರಾಂಶವೂ ತುಂಬಿಕೊಡದು.

ವಿಭಕ್ತಿಯ ತೊಡಕು

ಈ ತಂತ್ರ ರೂಪುಗೊಂಡದ್ದು ಇಂಗ್ಲಿಷ್ ವಾಕ್ಯಗಳಿಗಾಗಿ. ಅಲ್ಲಿ ಊರಿನ ಹೆಸರು ಯಾವುದಾದರೂ ಅದರ ಸುತ್ತಲಿನ ಪದಗಳು ಅಲುಗುವುದಿಲ್ಲ. ಕನ್ನಡದಲ್ಲಿ ಮೈಸೂರು 'ಮೈಸೂರಿನಲ್ಲಿ' ಆದರೆ, ಧಾರವಾಡ 'ಧಾರವಾಡದಲ್ಲಿ' ಆಗುತ್ತದೆ, ಶಿರಸಿ 'ಶಿರಸಿಯಲ್ಲಿ' ಆಗುತ್ತದೆ. ಎಲ್ಲಕ್ಕೂ 'ನಲ್ಲಿ' ಅಂಟಿಸುವ ಯಂತ್ರ 'ಧಾರವಾಡನಲ್ಲಿ', 'ಶಿರಸಿನಲ್ಲಿ' ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ಪರಿಹಾರ ಕಷ್ಟವೇನಲ್ಲ: ಉತ್ತರವನ್ನು ಪ್ರಥಮಾ ವಿಭಕ್ತಿಯಲ್ಲೇ ಬಿಟ್ಟು, ಪ್ರತ್ಯಯವನ್ನು ಪಕ್ಕದ ಸ್ಥಿರ ಪದಕ್ಕೆ ಹಚ್ಚುವುದು. 'ನೀವು ತಿಳಿಸಿದ ಊರು: ಶಿರಸಿ. ಈ ಊರಿನಲ್ಲಿ ಎಷ್ಟು ವರ್ಷಗಳಿಂದ ವಾಸವಾಗಿದ್ದೀರಿ?' ಎಂದರೆ ಯಾವ ಊರಾದರೂ ಹೊಂದುತ್ತದೆ.

ವ್ಯಕ್ತಿಗಳ ಹೆಸರಿಗೆ 'ಅವರು' ಸೇರಿಸಿದರೆ ವಿಭಕ್ತಿಯ ಜೊತೆಗೆ 'ದುಡಿಯುತ್ತಾನೆ', 'ದುಡಿಯುತ್ತಾಳೆ' ಎಂಬ ಲಿಂಗದ ಗೊಂದಲವೂ ತಪ್ಪುತ್ತದೆ. ಮೂರು ವರ್ಷದ ಕೂಸಿಗೆ 'ಅವರು' ಎಂದರೆ ಕಿವಿಗೆ ಒಗ್ಗದು. 'ನಿಮ್ಮ ಮಗು ಅಂಗನವಾಡಿಗೆ ಹೋಗುತ್ತಿದೆಯೇ?' ಎನ್ನಲು ನಮ್ಮ ನಪುಂಸಕಲಿಂಗವೇ ನೆರವಿಗಿದೆ! ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದವರಿಗೆ ಕನ್ನಡ ವಾಕ್ಯದ ನಡುವೆ ಅದು ಹಾಗೆಯೇ ಕಾಣಿಸಿಕೊಳ್ಳುತ್ತದೆಯಾದ್ದರಿಂದ, ಯಾವ ಲಿಪಿಯಲ್ಲಿ ಬರೆಯಬೇಕೆಂಬುದನ್ನು ಮೊದಲೇ ಸೂಚಿಸುವುದು ಒಳಿತು.

ಕೊಂಡಿಯಲ್ಲೇ ಗುಟ್ಟು

ಹಿಂದಿನ ವಿವರಗಳನ್ನು ಮೊದಲೇ ತುಂಬಿಸಿ ಕಳುಹಿಸುವ ಸೌಲಭ್ಯ ಗೂಗಲ್ ಫಾರ್ಮ್ಸ್‌ನಲ್ಲಿಯೂ ಇದೆ. ಆದರೆ ಹಾಗೆ ತುಂಬಿಸಿದ ಉತ್ತರಗಳು ಜಾಲವಿಳಾಸದ ಕೊಂಡಿಯೊಳಗೇ ಬರೆದಿರುತ್ತವೆ. ಅದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಮುಂದಕ್ಕೆ ಕಳುಹಿಸಿದರೆ, ತೆರೆದವರೆಲ್ಲರಿಗೂ ಮೊದಲ ವ್ಯಕ್ತಿಯ ವಿವರ ದೊರೆಯುತ್ತದೆ. ಆದ್ದರಿಂದ ಹೆಸರು, ದೂರವಾಣಿ ಸಂಖ್ಯೆಗಳ ಬದಲು ಕೊಂಡಿಯಲ್ಲಿ ಊಹಿಸಲಾಗದ ಸಂಕೇತವೊಂದನ್ನಷ್ಟೇ ಇಟ್ಟು, ವಿವರಗಳನ್ನು ಸರ್ವರ್‌ನಲ್ಲಿ ಉಳಿಸಿಕೊಂಡು, ಲಾಗಿನ್ ಆದ ಬಳಿಕವೇ ತೋರಿಸುವುದು ಸುರಕ್ಷಿತ ಕ್ರಮ.